ಪಲ್ಲವಿಮಾತು (ಹಾಸ್ಯ)

ಪಲ್ಲವಿಮಾತು ಎಂದರೆ ಹಾಸ್ಯಪಾತ್ರವೊಂದು ಸಂದರ್ಭ ಯಾವುದಿದ್ದರೂ ಮತ್ತೆ ಮತ್ತೆ ಆಡುವ, ನೋಡುಗರು ಮೊದಲೇ ನಿರೀಕ್ಷಿಸಿ ನಗುವ ಕಿರುಮಾತು ಅಥವಾ ಉದ್ಗಾರ. ಇದಕ್ಕೆ ಅರ್ಥ ಇರಬಹುದು, ಇಲ್ಲದಿರಬಹುದು. ಅರ್ಥವಿದ್ದರೂ ಪುನರುಕ್ತಿಯಿಂದ ಆ ಅರ್ಥ ಸವೆದುಹೋಗಿ, ಮಾತಿನ ದನಿ, ಲಯ ಮತ್ತು ಆಡುವವರ ಹಾವಭಾವಗಳೇ ನಗೆಯ ಮೂಲವಾಗುತ್ತವೆ. ಕನ್ನಡದಲ್ಲಿ ಇದರ ಬೇರುಗಳು ಬಯಲಾಟ ಮತ್ತು ತೊಗಲುಗೊಂಬೆಯಾಟಗಳಲ್ಲಿವೆ. ವೃತ್ತಿ ರಂಗಭೂಮಿ, ಚಲನಚಿತ್ರ ಮತ್ತು ದೂರದರ್ಶನಗಳಲ್ಲಿ ಇದು ಬೇರೆ ಬೇರೆ ರೂಪಗಳನ್ನು ತಾಳಿದೆ. ಜಗತ್ತಿನ ಇತರ ಹಾಸ್ಯ ಪರಂಪರೆಗಳಲ್ಲಿಯೂ ಇದು ಕಂಡುಬರುತ್ತದೆ. ಜಪಾನಿನಲ್ಲಿ ಇದೊಂದು ಸ್ವತಂತ್ರ ಪ್ರಕಾರವಾಗಿಯೇ ಬೆಳೆದಿದೆ.

ಹೆಸರು ಮತ್ತು ಲಕ್ಷಣಗಳು

ಹಾಡಿನ ಪ್ರತಿ ಚರಣದ ಕೊನೆಗೂ ಪಲ್ಲವಿ ಮರಳಿ ಬರುತ್ತದೆ. ಒಬ್ಬನು ಹೇಳಿದ್ದನ್ನೇ ಹೇಳುತ್ತಿದ್ದರೆ ‘ಅದೇ ರಾಗ, ಅದೇ ಪಲ್ಲವಿ’ ಎನ್ನುವುದು ಕನ್ನಡದ ರೂಢಿ. ಹಾಸ್ಯದ ಪುನರುಕ್ತ ಮಾತಿಗೆ ಪಲ್ಲವಿಮಾತು ಎಂಬ ಹೆಸರು ಈ ಹೋಲಿಕೆಯಿಂದ ಒಪ್ಪುತ್ತದೆ. ಇದರ ಮುಖ್ಯ ಲಕ್ಷಣಗಳು ನಾಲ್ಕು. ಮೊದಲನೆಯದು ಕಿರಿದಾಗಿರುವುದು, ಒಂದು ಉಸಿರಿನಲ್ಲಿ ಮುಗಿಯದ ಮಾತು ಜನರ ಬಾಯಿಗೆ ಹತ್ತುವುದಿಲ್ಲ. ಎರಡನೆಯದು ನಿಶ್ಚಿತವಾದ ದನಿಯ ಏರಿಳಿತ. ಮೂರನೆಯದು ಮಾತಿನೊಂದಿಗೆ ಬೆಸೆದುಕೊಂಡ ಆಂಗಿಕ, ಅಂದರೆ ಕೈ, ಕುತ್ತಿಗೆ ಅಥವಾ ಕಣ್ಣಿನ ಒಂದು ಚಲನೆ. ನಾಲ್ಕನೆಯದು ಸಂದರ್ಭಕ್ಕೆ ಹೊಂದದಿರುವುದು. ಸಾವಿನ ಸುದ್ದಿ ಬಂದಾಗಲೂ ಮದುವೆಯ ಸುದ್ದಿ ಬಂದಾಗಲೂ ಪಾತ್ರವು ಅದನ್ನೇ ಆಡಿದಾಗ ನಗು ಹುಟ್ಟುತ್ತದೆ.

ಗಾದೆ ಮತ್ತು ಪಡೆನುಡಿಗಳಿಂದ ಪಲ್ಲವಿಮಾತು ಬೇರೆಯಾದುದು. ಗಾದೆಗೆ ಆಡಿದವರು ಯಾರೆಂಬುದು ಮುಖ್ಯವಲ್ಲ. ಪಲ್ಲವಿಮಾತನ್ನು ಕೇಳಿದೊಡನೆ ಅದನ್ನು ಆಡಿದ ಪಾತ್ರ ಅಥವಾ ನಟ ಕಣ್ಣಮುಂದೆ ಬರಬೇಕು.

ಭಾಷೆಯ ಹಿನ್ನೆಲೆ

ಅರ್ಥಕ್ಕಿಂತ ದನಿಗೆ ಮಹತ್ವ ಕೊಡುವ ಪದಗಳು ಕನ್ನಡದಲ್ಲಿ ಹೇರಳವಾಗಿವೆ. ದಬದಬ, ಪಟಪಟ, ಗಳಗಳ, ಚಟಚಟ ಮೊದಲಾದವನ್ನು ವ್ಯಾಕರಣಕಾರರು ಅನುಕರಣಾವ್ಯಯಗಳೆಂದು ಕರೆಯುತ್ತಾರೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇಂತಹ ಅನುಕರಣ ಶಬ್ದಗಳನ್ನು ಪರಿಗಣಿಸಿದ್ದಾನೆ. ಊಟಗೀಟ, ಪುಸ್ತಕಗಿಸ್ತಕ, ಮಳೆಗಿಳೆ ಎಂಬ ಜೋಡಿಗಳಲ್ಲಿ ಎರಡನೆಯ ಭಾಗಕ್ಕೆ ಸ್ವಂತ ಅರ್ಥವಿಲ್ಲ. ಆದರೂ ಅದು ಸೇರಿದೊಡನೆ ಮಾತಿಗೆ ಸಲಿಗೆ, ಉಡಾಫೆ ಅಥವಾ ತಾತ್ಸಾರದ ಛಾಯೆ ಬರುತ್ತದೆ. ಮಕ್ಕಳು ಆಟದಲ್ಲಿ ಎಣಿಕೆಗಾಗಿ ಹೇಳುವ ಅನೇಕ ಪ್ರಾಸಗಳೂ ಅರ್ಥರಹಿತವಾದವುಗಳೇ. ಹಾಸ್ಯಗಾರನ ಪಲ್ಲವಿಮಾತು ಭಾಷೆಯಲ್ಲಿ ಮೊದಲೇ ಇರುವ ಈ ಸೌಲಭ್ಯವನ್ನು ರಂಗದ ಮೇಲೆ ಹಿಗ್ಗಿಸಿ ಬಳಸಿಕೊಳ್ಳುತ್ತದೆ.

ಸಂಸ್ಕೃತ ನಾಟ್ಯಶಾಸ್ತ್ರವು ‘ವೀಥಿ’ ಎಂಬ ರೂಪಕಪ್ರಕಾರದ ಹದಿಮೂರು ಅಂಗಗಳನ್ನು ಹೇಳುವಾಗ ಅಸತ್ಪ್ರಲಾಪವನ್ನು ಅವುಗಳಲ್ಲೊಂದಾಗಿ ಎಣಿಸುತ್ತದೆ. ಅಸಂಬದ್ಧವಾದ ಮಾತು ಎಂಬುದು ಅದರ ಸ್ಥೂಲಾರ್ಥ. ನಾಟಕಗಳ ವಿದೂಷಕನು ರಾಜನ ಮಿತ್ರನಾಗಿದ್ದರೂ ಸಂಸ್ಕೃತವನ್ನಾಡದೆ ಪ್ರಾಕೃತವನ್ನಾಡುತ್ತಾನೆ. ಗಂಭೀರ ಪಾತ್ರಕ್ಕೊಂದು ಭಾಷೆ, ನಗಿಸುವ ಪಾತ್ರಕ್ಕೊಂದು ಭಾಷೆ ಎಂಬ ಈ ವಿಭಜನೆಯು ಕನ್ನಡದ ಜಾನಪದ ರಂಗಭೂಮಿಯಲ್ಲಿಯೂ ಉಳಿದುಬಂದಿದೆ.

ಬಯಲಾಟದ ಸಾರಥಿ

ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಬಯಲಾಟದ ಸೀಮೆಯಲ್ಲಿ ಸೇರಿವೆ. 2021ರಲ್ಲಿ ಈ ಜಿಲ್ಲೆ ರಚನೆಯಾಗುವುದಕ್ಕೆ ಮೊದಲು ಇವು ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದವು; ಹರಪನಹಳ್ಳಿ ಮಾತ್ರ 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು. ಇಲ್ಲಿ ದೊಡ್ಡಾಟವೆಂದೂ ಕರೆಯಲ್ಪಡುವ ಬಯಲಾಟವು ಸುಗ್ಗಿಯ ನಂತರ ಊರ ಬಯಲಿನಲ್ಲಿ ಕಟ್ಟಿದ ಅಟ್ಟದ ಮೇಲೆ ರಾತ್ರಿಯಿಡೀ ನಡೆಯುತ್ತದೆ. ಕಥೆಯನ್ನು ಹಾಡಿ ನಡೆಸುವವನು ಭಾಗವತ. ವೇಷಗಳೊಡನೆ ಮಾತನಾಡುತ್ತ ಪ್ರೇಕ್ಷಕರನ್ನು ನಗಿಸುವವನು ಸಾರಥಿ. ದಕ್ಷಿಣದ ಮೂಡಲಪಾಯದಲ್ಲಿ ಈ ಸ್ಥಾನವನ್ನು ಹನುಮನಾಯಕನು ವಹಿಸುತ್ತಾನೆ.

ಪ್ರತಿ ಪಾತ್ರವೂ ರಂಗಕ್ಕೆ ಬಂದಾಗ ಸಾರಥಿಯು ಅದರ ಹೆಸರು ಮತ್ತು ಸ್ಥಳಗಳನ್ನು ವಿಚಾರಿಸುವುದು ಪದ್ಧತಿ. ಬಂದವರು ‘ಧಾರು’ ಎಂದು ಕೇಳುವಲ್ಲಿ ‘ಯಾರು’ ಎಂಬ ಸಾಮಾನ್ಯ ಪದವು ಮಹಾಪ್ರಾಣದ ವೇಷ ತೊಟ್ಟಿರುವುದನ್ನು ಕಾಣಬಹುದು. ರಾಜವೇಷವು ‘ಎಲೈ ಸಾರಥಿ’ ಎಂದು ಆರಂಭಿಸಿ ಸಂಸ್ಕೃತಪ್ರಚುರವಾದ ಉದ್ದ ವಚನಗಳಲ್ಲಿ ತನ್ನ ಬಿರುದಾವಳಿಯನ್ನು ಹೇಳಿಕೊಳ್ಳುತ್ತದೆ. ಹಿಮ್ಮೇಳದವರು ‘ಭಲಾ’, ‘ಭಳಿರೇ’, ‘ಭಪ್ಪರೇ’ ಎಂದು ದನಿಗೂಡಿಸುತ್ತಾರೆ. ಸಾರಥಿಯಾದರೋ ಊರಿನ ಆಡುಮಾತಿನಲ್ಲಿಯೇ ಉತ್ತರಿಸುತ್ತಾನೆ. ದೊಡ್ಡ ಪದವನ್ನು ತಪ್ಪಾಗಿ ಕೇಳಿಸಿಕೊಳ್ಳುವುದು, ಬಿರುದಿನ ಕೊನೆಯ ಎರಡಕ್ಷರಗಳನ್ನು ಹಿಡಿದು ಎಳೆಯುವುದು, ರಾಜಾಧಿರಾಜನನ್ನು ರಾಗಿಯ ರಾಜನನ್ನಾಗಿ ಮಾಡುವುದು ಮುಂತಾದವು ಅವನ ಉಪಾಯಗಳು. ಒಂದೇ ರಾತ್ರಿಯಲ್ಲಿ ಹತ್ತಾರು ವೇಷಗಳಿಗೆ ಅದೇ ಪ್ರಶ್ನೆ ಕೇಳಬೇಕಾದುದರಿಂದ ಪ್ರಶ್ನೆಯೇ ಪಲ್ಲವಿಯಾಗುತ್ತದೆ. ದೇವತೆ ಬಂದರೂ ರಾಕ್ಷಸ ಬಂದರೂ ಸಾರಥಿಯ ಮುಂದೆ ನಿಂತು ತಾನು ಯಾರೆಂಬುದನ್ನು ಹೇಳಲೇಬೇಕು. ಈ ಸಮಾನತೆ ಬಯಲಾಟದ ನಗೆಯ ತಿರುಳು.

ಉತ್ತರ ಕರ್ನಾಟಕದ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಭಾಗವತ ಮತ್ತು ದೂತಿಯರ ಸಂವಾದವು ಇದೇ ಕೆಲಸವನ್ನು ಮಾಡುತ್ತದೆ. ಕರಾವಳಿ ಮತ್ತು ಕಾಸರಗೋಡಿನ ಯಕ್ಷಗಾನದಲ್ಲಿ ಹಾಸ್ಯಗಾರನೆಂಬ ಪ್ರತ್ಯೇಕ ಸ್ಥಾನವೇ ಇದ್ದು, ದೂತ, ಮಂತ್ರವಾದಿ, ಬ್ರಾಹ್ಮಣ ಮೊದಲಾದ ವೇಷಗಳನ್ನು ಅವನೇ ನಿರ್ವಹಿಸುತ್ತಾನೆ.

ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ

ಬಳ್ಳಾರಿ, ಕೊಪ್ಪಳ ಮತ್ತು ವಿಜಯನಗರ ಸೀಮೆಯ ತೊಗಲುಗೊಂಬೆಯಾಟದಲ್ಲಿ ರಾಮಾಯಣ ಮತ್ತು ಮಹಾಭಾರತದ ಕಥೆಗಳ ನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಜೋಡಿ ಪ್ರವೇಶಿಸುತ್ತದೆ. ದೇವತೆಗಳ ಮತ್ತು ರಾಜರ ಗೊಂಬೆಗಳು ಬಣ್ಣ ಮತ್ತು ಆಭರಣಗಳಿಂದ ಶೋಭಿಸುತ್ತವೆ. ಕಿಳ್ಳೇಕ್ಯಾತನ ಗೊಂಬೆ ಕಪ್ಪು ಬಣ್ಣದ್ದು, ಡೊಳ್ಳು ಹೊಟ್ಟೆ ಮತ್ತು ಕೆದರಿದ ಕೂದಲಿನದು. ಕೈಕಾಲುಗಳು ಸಡಿಲವಾಗಿ ಆಡುವುದರಿಂದ ಹೊಡೆದಾಟ ಮತ್ತು ಕುಣಿತಗಳಿಗೆ ಅದು ಅನುಕೂಲ. ಗಂಡಹೆಂಡಿರ ಜಗಳ, ಪೋಲಿ ಮಾತು, ಊರಿನ ಸುದ್ದಿ, ಅರ್ಥವಿಲ್ಲದ ಕೂಗು ಎಲ್ಲವೂ ಈ ಜೋಡಿಗೆ ಸಲ್ಲುತ್ತವೆ. ಪರದೆಯ ಹಿಂದಿನ ಕಲಾವಿದನ ಮುಖ ಕಾಣದಿರುವುದರಿಂದ ಪಾತ್ರವನ್ನು ಗುರುತಿಸಲು ದನಿಯ ವೈಚಿತ್ರ್ಯ ಅತ್ಯಗತ್ಯ. ಆದುದರಿಂದ ಇಲ್ಲಿ ಪಲ್ಲವಿಮಾತು ಅಲಂಕಾರವಾಗಿ ಬಂದದ್ದಲ್ಲ, ಅವಶ್ಯಕತೆಯಿಂದ ಹುಟ್ಟಿದ್ದು.

ಈ ಆಟವನ್ನು ಆಡಿಸುವ ಸಮುದಾಯಕ್ಕೂ ಕಿಳ್ಳೇಕ್ಯಾತರು ಅಥವಾ ಶಿಳ್ಳೇಕ್ಯಾತರು ಎಂದೇ ಹೆಸರು. ಇವರ ಮನೆಮಾತು ಮರಾಠಿಗೆ ಹತ್ತಿರವಾದುದು. ಬಳ್ಳಾರಿಯ ಬೆಳಗಲ್ಲು ವೀರಣ್ಣ ಈ ಕಲೆಗೆ ಹೊಸ ವಸ್ತುಗಳನ್ನು ತಂದು ವ್ಯಾಪಕ ಪ್ರಚಾರ ದೊರಕಿಸಿದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಆಂಧ್ರದ ತೊಗಲುಗೊಂಬೆಯಾಟದಲ್ಲಿ ಜುಟ್ಟುಪೋಲಿಗಾಡು ಮತ್ತು ಬಂಗಾರಕ್ಕ, ಜಾವಾದ ವಾಯಾಂಗ್ ಆಟದಲ್ಲಿ ಸೆಮಾರ್ ಮತ್ತು ಅವನ ಮಕ್ಕಳು, ತುರ್ಕಿಯ ನೆರಳಾಟದಲ್ಲಿ ಕಾರಾಗೋಜ್ ಇದೇ ಬಗೆಯ ಪಾತ್ರಗಳು. ಪಂಡಿತನಾದ ಹಾಜಿವಾತನ ಬಿಗಿ ಭಾಷೆಯನ್ನು ಕಾರಾಗೋಜ್ ತಪ್ಪಾಗಿ ಕೇಳಿಸಿಕೊಳ್ಳುವ ಕ್ರಮವು ಬಯಲಾಟದ ಸಾರಥಿಯನ್ನು ನೆನಪಿಸುತ್ತದೆ.

ವೃತ್ತಿ ರಂಗಭೂಮಿ ಮತ್ತು ಕೈಲಾಸಂ

ವೃತ್ತಿನಾಟಕ ಕಂಪನಿಗಳಲ್ಲಿ ಹಾಸ್ಯವು ಕಥೆಯೊಡನೆ ಸಾಗುವ ಉಪಕಥೆಯಾಗಿ ಬೆಳೆಯಿತು. ಗುಬ್ಬಿ ವೀರಣ್ಣನವರು ‘ಸದಾರಮೆ’ ನಾಟಕದ ಕಳ್ಳನ ಪಾತ್ರದಿಂದ ಮನೆಮಾತಾದರು. ಮಾಸ್ಟರ್ ಹಿರಣ್ಣಯ್ಯನವರು (1934–2019) ‘ಲಂಚಾವತಾರ’ದಲ್ಲಿ ಆ ದಿನದ ಸುದ್ದಿಗೆ ತಕ್ಕಂತೆ ಮಾತನ್ನು ಹೊಸದಾಗಿ ಹೆಣೆಯುತ್ತಿದ್ದರು. ಕಂಪನಿ ನಾಟಕದಲ್ಲಿ ಪಲ್ಲವಿಮಾತಿಗೆ ವ್ಯಾವಹಾರಿಕ ಉಪಯೋಗವೂ ಇತ್ತು. ಒಂದೇ ಊರಿನಲ್ಲಿ ವಾರಗಟ್ಟಲೆ ಮೊಕ್ಕಾಂ ಮಾಡುವ ಕಂಪನಿಗೆ, ನಾಟಕ ನೋಡಿ ಹೊರಬಂದವರು ಮರುದಿನ ಸಂತೆಯಲ್ಲಿ ಆ ಮಾತನ್ನಾಡಿದರೆ ಅದೇ ಪುಕ್ಕಟೆ ಪ್ರಚಾರವಾಗುತ್ತಿತ್ತು.

ವಿಲಾಸಿ ರಂಗಭೂಮಿಯ ಟಿ. ಪಿ. ಕೈಲಾಸಂ (1884–1946) ಅರ್ಥರಹಿತ ದನಿಯ ವಿನೋದವನ್ನು ಬುದ್ಧಿಪೂರ್ವಕವಾಗಿ ಬಳಸಿದವರು. ಅವರ ‘ಕೋಳಿಕೆ ರಂಗ’ ಎಂಬ ಹಾಡು ಹೆಸರೊಂದನ್ನು ಅಕ್ಷರ ಬಿಡಿಸಿ ಹೇಳುವ ಆಟವಾಗಿದ್ದು, ಕಾನ್‌ಸ್ಟಾಂಟಿನೋಪಲ್ ನಗರದ ಹೆಸರನ್ನು ಬಿಡಿಸಿ ಹೇಳುವ ಇಂಗ್ಲಿಷ್ ಹಾಡೊಂದರ ಧಾಟಿಯನ್ನು ಅನುಸರಿಸಿದೆ. ‘ತಿಪ್ಪಾರಳ್ಳಿ’ ಹಾಡು ‘ಟಿಪ್ಪರೇರಿ’ ಎಂಬ ಪ್ರಸಿದ್ಧ ಸೈನಿಕಗೀತೆಯ ರೂಪಾಂತರ. ಪರಭಾಷೆಯ ಧಾಟಿಗೆ ಹಳ್ಳಿಯ ಹೆಸರನ್ನು ಹೊಂದಿಸುವುದರಲ್ಲಿಯೇ ಇಲ್ಲಿನ ನಗೆ ಅಡಗಿದೆ.

ಬೀಚಿ ಮತ್ತು ತಿಂಮ

ಬರಹದ ಹಾಸ್ಯದಲ್ಲಿ ಪಲ್ಲವಿಯ ಸ್ಥಾನವನ್ನು ಪಾತ್ರದ ಹೆಸರೇ ತುಂಬಬಹುದೆಂಬುದಕ್ಕೆ ಹರಪನಹಳ್ಳಿಯಲ್ಲಿ ಜನಿಸಿದ ಬೀಚಿಯವರು (ರಾಯಸಂ ಭೀಮಸೇನರಾವ್, 1913–1980) ನಿದರ್ಶನ. ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡಿದ ಇವರನ್ನು ಕನ್ನಡ ಸಾಹಿತ್ಯದ ಕಡೆಗೆ ತಿರುಗಿಸಿದ್ದು ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ ಕಾದಂಬರಿ. ಬೀಚಿಯವರ ಕಿರುಹಾಸ್ಯಗಳಲ್ಲಿ ತಿಂಮನೆಂಬ ಪಾತ್ರ ಪದೇ ಪದೇ ಬರುತ್ತದೆ. ತಿಂಮ ಒಮ್ಮೆ ವಿದ್ಯಾರ್ಥಿ, ಒಮ್ಮೆ ರೋಗಿ, ಇನ್ನೊಮ್ಮೆ ಗಂಡ. ಪಾತ್ರದ ವಯಸ್ಸು, ವೃತ್ತಿಗಳು ಬದಲಾದರೂ ಹೆಸರು ಬಂದೊಡನೆ ಓದುಗನು ನಗಲು ಸಿದ್ಧನಾಗುತ್ತಾನೆ. ಆತ್ಮಕಥೆಗೆ ಅವರು ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ಒಂದು ಅಕ್ಷರವನ್ನು ತಿರುಚಿ ಇಂಗ್ಲಿಷ್ ಪದದೊಳಗೆ ಭಯವನ್ನು ಕೂರಿಸಿದ ಈ ಶೀರ್ಷಿಕೆ ಅವರ ಶೈಲಿಯ ಒಳ್ಳೆಯ ಮಾದರಿ. ಇವರ ಹಾಸ್ಯವನ್ನು ವೇದಿಕೆಗಳಲ್ಲಿ ಹೇಳಿ ಪ್ರಸಿದ್ಧರಾದ ಗಂಗಾವತಿ ಪ್ರಾಣೇಶ್ ಅವರು ‘ಅಭಿನವ ಬೀಚಿ’ ಎಂದು ಕರೆಸಿಕೊಂಡಿದ್ದಾರೆ.

ಚಲನಚಿತ್ರದಲ್ಲಿ

1954ರ ‘ಬೇಡರ ಕಣ್ಣಪ್ಪ’ದ ಮೂಲಕ ಬೆಳ್ಳಿತೆರೆಗೆ ಬಂದ ನರಸಿಂಹರಾಜು (1923–1979) ಅವರಿಂದ ಆರಂಭಿಸಿ ಕನ್ನಡದ ಹಾಸ್ಯನಟರಲ್ಲಿ ಬಹುಮಂದಿ ನಾಟಕ ಕಂಪನಿಗಳಿಂದ ಬಂದವರು. ರಂಗಭೂಮಿಯ ಪಲ್ಲವಿಮಾತು ಅವರೊಂದಿಗೆ ಚಿತ್ರರಂಗಕ್ಕೂ ಬಂದಿತು. ಅತ್ಯಂತ ಪ್ರಸಿದ್ಧವಾದ ಉದಾಹರಣೆ ಎಂ. ಎಸ್. ಉಮೇಶ್ ಅವರ ‘ಅಪಾರ್ಥ ಮಾಡ್ಕೋಬೇಡಿ’. ಅನಂತ್ ನಾಗ್ ನಾಯಕರಾಗಿದ್ದ ‘ಗೋಲ್‌ಮಾಲ್ ರಾಧಾಕೃಷ್ಣ’ (1990) ಚಿತ್ರದ ಸೀತಾಪತಿಯ ಪಾತ್ರದಲ್ಲಿ ಅವರಾಡಿದ ಈ ಮಾತು ನಿತ್ಯಜೀವನದ ನುಡಿಯಾಗಿ ಉಳಿದಿದೆ. ಮಾತಿಗೆ ಸ್ಪಷ್ಟವಾದ ಅರ್ಥವಿದೆ. ಆದರೆ ಅಪಾರ್ಥಕ್ಕೆ ಎಡೆಯೇ ಇಲ್ಲದ ಕಡೆಯಲ್ಲಿಯೂ ಅದನ್ನಾಡಿದಾಗ, ಪಾತ್ರದ ಅಂಜುಬುರುಕುತನವೇ ಮಾತಾಗಿ ಕೇಳಿಸುತ್ತದೆ. ಇದೇ ನಟರು ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ (1976) ಚಿತ್ರದ ಗಂಭೀರ ಪಾತ್ರಕ್ಕಾಗಿ ರಾಜ್ಯ ಪ್ರಶಸ್ತಿ ಪಡೆದಿದ್ದರೆಂಬುದು ಅಷ್ಟಾಗಿ ನೆನಪಾಗದ ಸಂಗತಿ.

ಖಳನಟರ ಗದರಿಕೆಗಳೂ ಕಾಲಕ್ರಮದಲ್ಲಿ ಹಾಸ್ಯವಾಗಬಲ್ಲವು. ವಜ್ರಮುನಿಯವರ ಹೆಸರಿನೊಡನೆ ಬೆಸೆದುಕೊಂಡಿರುವ ‘ಎಲಾ ಕುನ್ನಿ’ ಎಂಬ ಬೈಗುಳವು ತೆರೆಯ ಮೇಲೆ ಭಯ ಹುಟ್ಟಿಸುವಂಥದ್ದು. ಇಂದು ಗೆಳೆಯರು ಅದನ್ನು ಪರಸ್ಪರ ಪ್ರೀತಿಯಿಂದ ಬಳಸುತ್ತಾರೆ.

ಜಪಾನಿನಲ್ಲಿ

ಜಪಾನಿನ ಹಾಸ್ಯದಲ್ಲಿ ಅರ್ಥರಹಿತ ಕಿರುಮಾತು ಮತ್ತು ಭಂಗಿಗಳ ಜೋಡಿಯನ್ನು ‘ಗ್ಯಾಗು’ ಎನ್ನುತ್ತಾರೆ. ಒಂದೇ ಏಟಿನಲ್ಲಿ ನಗಿಸುವಂಥದ್ದಕ್ಕೆ ‘ಇಪ್ಪತ್ಸು ಗ್ಯಾಗು’ ಎಂದು ಹೆಸರು. ‘ಕ್ರೇಜಿ ಕ್ಯಾಟ್ಸ್’ ಎಂಬ ವಾದ್ಯ ಮತ್ತು ಹಾಸ್ಯ ತಂಡದ ತಾನಿ ಕೇ ಅವರ ‘ಗಚೋನ್’ 1960ರ ದಶಕದ ಪ್ರಸಿದ್ಧ ಉದ್ಗಾರ. ಕೈಯನ್ನು ಮುಂದೆ ಚಾಚಿ ಏನನ್ನೋ ಹಿಡಿದೆಳೆದಂತೆ ಮಾಡುತ್ತ ಅದನ್ನು ಆಡಲಾಗುತ್ತಿತ್ತು. ಅಕಾತ್ಸುಕಾ ಫುಜಿಯೊ ಅವರು 1962ರಲ್ಲಿ ಆರಂಭಿಸಿದ ‘ಒಸೊಮಾತ್ಸು ಕುನ್’ ಚಿತ್ರಕಥೆಯ ಇಯಾಮಿ ಎಂಬ ಪಾತ್ರವು ಬೆರಗಾದಾಗ ಒಂದು ಕಾಲೆತ್ತಿ ‘ಶೇ’ ಎಂದು ಕೂಗುತ್ತದೆ. 1965ರ ಗಾಡ್ಜಿಲ್ಲಾ ಚಿತ್ರವೊಂದರಲ್ಲಿ ಆ ದೈತ್ಯಪ್ರಾಣಿಯೂ ಅದೇ ಭಂಗಿಯನ್ನು ಮಾಡುತ್ತದೆ. 1969ರಿಂದ 1985ರವರೆಗೆ ಪ್ರಸಾರವಾದ, ಡ್ರಿಫ್ಟರ್ಸ್ ತಂಡದ ಶನಿವಾರದ ಕಾರ್ಯಕ್ರಮವು ಮಕ್ಕಳಿಗೆ ಅಚ್ಚುಮೆಚ್ಚಾಗಿತ್ತು. ಆ ತಂಡದ ಶಿಮುರಾ ಕೆನ್ ಅವರ ‘ಅಯೀನ್’ ಎಂಬ ಉದ್ಗಾರ ಗಲ್ಲದ ಕೆಳಗೆ ಅಡ್ಡಗೈ ಹಿಡಿದು ಆಡುವಂಥದ್ದು. ಶಿಮುರಾ ಅವರು 2020ರ ಮಾರ್ಚಿಯಲ್ಲಿ ಕೋವಿಡ್‌ನಿಂದ ನಿಧನರಾದಾಗ ಇಡೀ ದೇಶ ಶೋಕಿಸಿತು.

ಒಸಾಕಾದ ಯೊಶಿಮೊತೊ ಸಂಸ್ಥೆ 1912ರಲ್ಲಿ ಸ್ಥಾಪನೆಯಾಯಿತು. 1959ರಲ್ಲಿ ಆರಂಭವಾದ ಅದರ ‘ಶಿನ್‌ಕಿಗೆಕಿ’ ನಾಟಕಗಳಲ್ಲಿ ಪ್ರತಿ ನಟನಿಗೂ ತನ್ನದೇ ಆದ ಪಲ್ಲವಿಮಾತಿರುತ್ತದೆ. ಹಜಾಮಾ ಕಂಪೇ ಅವರ ‘ಅಮೆಮಾ’ಕ್ಕೆ ಅರ್ಥವೇ ಇಲ್ಲ. ಒಬ್ಬನು ತನ್ನ ಮಾತನ್ನಾಡಿದೊಡನೆ ರಂಗದ ಮೇಲಿರುವ ಎಲ್ಲರೂ ಒಟ್ಟಾಗಿ ಮುಗ್ಗರಿಸಿ ಬೀಳುವುದು ಇಲ್ಲಿನ ಸಂಪ್ರದಾಯ. ಬಯಲಾಟದ ಹಿಮ್ಮೇಳವು ‘ಭಲಾ’ ಎನ್ನುವ ಸ್ಥಾನದಲ್ಲಿ ಇಲ್ಲಿ ಬೀಳುವಿಕೆ ಇದೆ. ಎರಡೂ ಕಡೆ ಪ್ರೇಕ್ಷಕನಿಗೆ ನಗುವ ಕ್ಷಣವನ್ನು ಸಹನಟರೇ ಗುರುತಿಸಿಕೊಡುತ್ತಾರೆ. 1984ರಿಂದ ಜಪಾನಿನಲ್ಲಿ ವರ್ಷದ ಜನಪ್ರಿಯ ನುಡಿಗೆ ಪ್ರಶಸ್ತಿ ಕೊಡಲಾಗುತ್ತಿದೆ. 2008ರಲ್ಲಿ ಹಾಸ್ಯನಟಿ ಎದೊ ಹರುಮಿ ಅವರ ‘ಗೂ’ ಎಂಬ ಉದ್ಗಾರ ಆ ಗೌರವಕ್ಕೆ ಪಾತ್ರವಾದ ನುಡಿಗಳಲ್ಲಿ ಒಂದು. ಒಂದೇ ಗ್ಯಾಗಿನಿಂದ ಮೇಲೇರಿ ಅಷ್ಟೇ ಬೇಗ ಮರೆಯಾಗುವ ಕಲಾವಿದರನ್ನು ಅಲ್ಲಿ ‘ಇಪ್ಪತ್ಸುಯಾ’ ಎಂದು ಕರೆಯುತ್ತಾರೆ.

ನಗೆ ಹುಟ್ಟುವ ಬಗೆ

ಫ್ರೆಂಚ್ ತತ್ತ್ವಜ್ಞಾನಿ ಹೆನ್ರಿ ಬರ್ಗ್‌ಸನ್ 1900ರಲ್ಲಿ ಪ್ರಕಟವಾದ ನಗೆಯ ಕುರಿತಾದ ಗ್ರಂಥದಲ್ಲಿ, ಜೀವಂತ ಮನುಷ್ಯನು ಯಂತ್ರದಂತೆ ವರ್ತಿಸಿದಾಗ ನಗೆ ಹುಟ್ಟುತ್ತದೆಂದು ವಾದಿಸಿದನು. ಒತ್ತಿದಷ್ಟೂ ಮೇಲೆ ಚಿಮ್ಮುವ ಪೆಟ್ಟಿಗೆಯ ಬೊಂಬೆಯನ್ನು ಅವನು ಪುನರುಕ್ತಿಗೆ ಉದಾಹರಣೆಯಾಗಿ ಕೊಡುತ್ತಾನೆ. ಪಲ್ಲವಿಮಾತಿಗೆ ಈ ವಿವರಣೆ ಹೊಂದುತ್ತದೆಯಾದರೂ ಅದು ಪೂರ್ಣವಲ್ಲ. ಮೊದಲ ಸಲ ಕೇಳಿದಾಗ ಪಲ್ಲವಿಮಾತು ಅಷ್ಟೇನೂ ನಗಿಸುವುದಿಲ್ಲ. ಎರಡನೆಯ ಸಲ ಗುರುತು ಸಿಗುತ್ತದೆ, ಮೂರನೆಯ ಸಲ ನಿರೀಕ್ಷೆ ಹುಟ್ಟುತ್ತದೆ. ಅನಂತರ ಪ್ರೇಕ್ಷಕನು ನಟನಿಗಿಂತ ಮೊದಲೇ ಮನಸ್ಸಿನಲ್ಲಿ ಆ ಮಾತನ್ನಾಡಿರುತ್ತಾನೆ. ಪಕ್ಕದಲ್ಲಿ ಕುಳಿತವರೂ ಅದನ್ನೇ ಕಾಯುತ್ತಿದ್ದಾರೆಂಬ ಅರಿವು ನಗೆಯನ್ನು ಸಾಮೂಹಿಕವಾಗಿಸುತ್ತದೆ.

ಕಾರಣಿಕದಿಂದ ಇರುವ ಭೇದ

ಕಿರಿದಾದ, ಒಗಟಿನಂತಹ ಮಾತನ್ನು ಜನಸ್ತೋಮ ಕಾದು ಕೇಳುವ ಇನ್ನೊಂದು ಸಂದರ್ಭವೂ ಇದೇ ಸೀಮೆಯಲ್ಲಿದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಸಮಯದಲ್ಲಿ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿ, ನೆರೆದವರು ಮೌನವಾದಾಗ ಒಂದೇ ಸಾಲಿನ ಕಾರಣಿಕವನ್ನು ನುಡಿಯುತ್ತಾನೆ. ಅದನ್ನು ಮಳೆ, ಬೆಳೆ, ರಾಜಕೀಯಗಳಿಗೆ ಅನ್ವಯಿಸಿ ಅರ್ಥೈಸಲಾಗುತ್ತದೆ. ಕಾರಣಿಕ ಮತ್ತು ಪಲ್ಲವಿಮಾತುಗಳನ್ನು ಒಂದೆಂದು ಭಾವಿಸಬಾರದು. ಕಾರಣಿಕವು ಪ್ರತಿ ವರ್ಷವೂ ಹೊಸದು. ಅಲ್ಲಿ ಅಸ್ಪಷ್ಟ ಮಾತಿಗೆ ಜನರು ಶ್ರದ್ಧೆಯಿಂದ ಅರ್ಥವನ್ನು ತುಂಬುತ್ತಾರೆ. ಪಲ್ಲವಿಮಾತು ಸದಾ ಹಳೆಯದು. ಅಲ್ಲಿ ಇದ್ದ ಅರ್ಥವನ್ನೂ ಜನರು ನಕ್ಕು ಖಾಲಿ ಮಾಡುತ್ತಾರೆ.

ಟೀಕೆಗಳು

ಪಲ್ಲವಿಮಾತಿನ ಹಾಸ್ಯದ ಬಗ್ಗೆ ಮುಖ್ಯವಾಗಿ ಮೂರು ಆಕ್ಷೇಪಗಳಿವೆ.

ಮೊದಲನೆಯದು ಉಪಭಾಷೆಗಳ ಅಣಕ. ಬಯಲಾಟದಲ್ಲಿ ಸಾರಥಿಯ ಆಡುಮಾತು ಪ್ರೇಕ್ಷಕರ ಸ್ವಂತ ಮಾತೇ ಆಗಿತ್ತು. ಅದು ಅರಮನೆಯ ಭಾಷೆಯನ್ನು ನೋಡಿ ನಗುತ್ತಿತ್ತು. ಚಲನಚಿತ್ರದಲ್ಲಿ ನಾಯಕನು ಮೈಸೂರು, ಬೆಂಗಳೂರು ಕಡೆಯ ಭಾಷೆಯನ್ನೂ ಆಳು, ಅಡುಗೆಯವ, ಪೇದೆ ಮೊದಲಾದ ನಗೆಪಾತ್ರಗಳು ಧಾರವಾಡ, ಬಳ್ಳಾರಿ, ಮಂಗಳೂರು ಕಡೆಯ ಮಾತನ್ನೂ ಆಡಿದಾಗ ನಗೆಯ ದಿಕ್ಕು ತಿರುಗಿತು. ಮಾತು ಒಂದೇ ಆದರೂ ಯಾರು ಯಾರನ್ನು ನೋಡಿ ನಗುತ್ತಿದ್ದಾರೆ ಎಂಬುದರಿಂದ ಅದರ ಸ್ವರೂಪ ಬದಲಾಗುತ್ತದೆ. ಆ ಸೀಮೆಗಳಿಂದ ನಗರಕ್ಕೆ ಓದಲು ಹೋದ ವಿದ್ಯಾರ್ಥಿಗಳು ಇದರ ಫಲವನ್ನು ತರಗತಿಗಳಲ್ಲಿ ಉಣ್ಣಬೇಕಾಗುತ್ತದೆ.

ಎರಡನೆಯದು ತೊದಲು, ಕಿವುಡುತನ ಮೊದಲಾದ ದೈಹಿಕ ನ್ಯೂನತೆಗಳನ್ನು ಪಲ್ಲವಿಯಾಗಿಸುವುದು. ಶ್ರವಣದೋಷವಿದ್ದ ಟಿ. ಎನ್. ಬಾಲಕೃಷ್ಣ ಅವರು (1911–1995) ಸಹನಟರ ತುಟಿಗಳ ಚಲನೆಯನ್ನು ಗಮನಿಸಿ ನೂರಾರು ಚಿತ್ರಗಳಲ್ಲಿ ಅಭಿನಯಿಸಿ ಮಾತಿನ ಲಯಕ್ಕೆ ಹೆಸರಾದರು. ನ್ಯೂನತೆಯನ್ನು ನಗೆಗೆ ವಸ್ತುವಾಗಿಸುವವರಿಗೆ ಅವರ ವೃತ್ತಿಜೀವನವೇ ಉತ್ತರವೆನ್ನಬಹುದು. ಕಿಳ್ಳೇಕ್ಯಾತ ಎಂಬ ಹೆಸರು ಆಡುಮಾತಿನಲ್ಲಿ ಮೂದಲಿಕೆಯಾಗಿ ಬಳಕೆಯಾಗುವುದೂ ಇದೇ ಬಗೆಯದು. ಗೊಂಬೆಗೆ ಸಲ್ಲುವ ನಗೆ ಗೊಂಬೆ ಆಡಿಸುವ ಜನರ ಮೇಲೆ ಬೀಳುತ್ತದೆ.

ಮೂರನೆಯದು ನಟನ ಬಂಧನ. ಒಂದು ಮಾತು ಜನಪ್ರಿಯವಾದ ಮೇಲೆ ನಿರ್ಮಾಪಕರೂ ಪ್ರೇಕ್ಷಕರೂ ಆ ನಟನಿಂದ ಅದನ್ನೇ ಬಯಸುತ್ತಾರೆ. ಸಾರ್ವಜನಿಕ ಸಭೆಗಳಲ್ಲಿಯೂ ಅದನ್ನೇ ಆಡಿಸುತ್ತಾರೆ. ಜಪಾನಿನ ಇಪ್ಪತ್ಸುಯಾ ಎಂಬ ಪದದಲ್ಲಿರುವ ಕರುಣೆ ಕನ್ನಡದ ಅನೇಕ ಹಾಸ್ಯನಟರಿಗೂ ಸಲ್ಲುತ್ತದೆ.

ಇಂದಿನ ಸ್ಥಿತಿ

ದೂರದರ್ಶನದ ಹಾಸ್ಯ ಧಾರಾವಾಹಿಗಳು ಹಾಗೂ ಸ್ಪರ್ಧಾ ಕಾರ್ಯಕ್ರಮಗಳ ನಂತರ ಮೊಬೈಲಿನ ಕಿರು ವೀಡಿಯೊಗಳು ಪಲ್ಲವಿಮಾತಿನ ಮುಖ್ಯ ನೆಲೆಯಾಗಿವೆ. ಹಳೆಯ ಚಿತ್ರಗಳ ಮಾತುಗಳನ್ನು ಕತ್ತರಿಸಿ ಹೊಸ ಸಂದರ್ಭಗಳಿಗೆ ಜೋಡಿಸಲಾಗುತ್ತಿದೆ. ಇದರಿಂದ ಮಾತಿನ ಆಯುಷ್ಯ ಹೆಚ್ಚಿದೆಯಾದರೂ, ಯಾರು ಯಾವ ಚಿತ್ರದಲ್ಲಿ ಆಡಿದರೆಂಬ ನೆನಪು ಕಳಚಿಕೊಳ್ಳುತ್ತಿದೆ. ಬಯಲಾಟದ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅಲ್ಲಿ ವೇಷಧಾರಿಯ ಪದ್ಯ ಮತ್ತು ವಚನಗಳು ಹಸ್ತಪ್ರತಿಗಳಲ್ಲಿಯೂ ಅಚ್ಚಾದ ಪುಸ್ತಕಗಳಲ್ಲಿಯೂ ಉಳಿದಿವೆ. ಸಾರಥಿಯ ಮಾತು ಆಯಾ ರಾತ್ರಿ ಆಯಾ ಊರಿಗೆ ಹೊಂದಿಸಿ ಹುಟ್ಟುವಂಥದ್ದಾದುದರಿಂದ ಬರಹಕ್ಕೆ ಬಂದದ್ದು ಬಹಳ ಕಡಿಮೆ. ಹಿರಿಯ ಸಾರಥಿಗಳು ಇಲ್ಲವಾದಂತೆ ಅವರ ಮಾತುಗಳೂ ಅವರೊಂದಿಗೆ ಹೋಗುತ್ತಿವೆ. ಆಟದ ಧ್ವನಿಮುದ್ರಣ ಮಾಡುವವರು ಪದ್ಯಗಳ ನಡುವಿನ ಈ ಮಾತುಗಳನ್ನೂ ಬಿಡದೆ ದಾಖಲಿಸುವುದು ಅಗತ್ಯವಾಗಿದೆ.

ಇವನ್ನೂ ನೋಡಿ

ದೊಡ್ಡಾಟ
ಮೂಡಲಪಾಯ ಯಕ್ಷಗಾನ
ತೊಗಲುಗೊಂಬೆಯಾಟ
ಬೀಚಿ
ಟಿ. ಪಿ. ಕೈಲಾಸಂ
ಮೈಲಾರ
ಅನುಕರಣಾವ್ಯಯ